ವಿದೇಶದಲ್ಲಿ ಉಗ್ರರ ದಾಳಿಯ ಭಯ ಇದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದೇಶಕ್ಕೆ ಹೊರಟವರು, ಅವರನ್ನು ಕಳಿಸಿಕೊಡುವ ಮನೆಯವರು, ಕೆಲಸದ ಮೇಲೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರುವವರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಬರೆದಿದ್ದೇನೆ. ಸುಲಭದವು ಮೊದಲು, ಕಷ್ಟದವು ಕೊನೆಗೆ. ಎಲ್ಲ ಓದುವಷ್ಟು ಹೊತ್ತಿಲ್ಲ ಅಂದರೆ ಮೂರನೇ ಭಾಗವನ್ನಾದರೂ ಓದಿ.

## ಹೊರಡುವ ಮುಂಚೆ

ನಿಜವಾಗ್ಲೂ ಅಷ್ಟು ಅಪಾಯ ಇದ್ಯಾ, ಇಲ್ಲಾ ಟಿವಿಯವರು ಸುಮ್ನೆ ಹೆದರಿಸ್ತಾರಾ?

ಎರಡೂ ಇದೆ. ಜಗತ್ತಿನಲ್ಲಿ ಭಯೋತ್ಪಾದನೆಗೆ ಬಲಿಯಾಗುವವರಲ್ಲಿ ಬಹುಪಾಲು ಜನ ಕೆಲವೇ ದೇಶಗಳವರು. ಈಚಿನ ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಸಾವುಗಳು ಆಫ್ರಿಕಾದ ಸಹೇಲ್ ಪ್ರದೇಶದಲ್ಲೇ ಆಗಿವೆ. ಬುರ್ಕಿನಾ ಫಾಸೊ, ಮಾಲಿ, ನೈಜರ್ ಇರುವ ಕಡೆ. ಸಾಯುವವರು ಹೆಚ್ಚಾಗಿ ಅಲ್ಲಿನ ಊರವರೇ. ಅವರ ಸುದ್ದಿ ಟಿವಿಯಲ್ಲಿ ಬರುವುದೇ ಇಲ್ಲ. ಪ್ಯಾರಿಸ್‌ನಲ್ಲೋ ಲಂಡನ್‌ನಲ್ಲೋ ಆದರೆ ವಾರಗಟ್ಟಲೆ ತೋರಿಸುತ್ತಾರೆ.

ಇನ್ನೊಂದು ಲೆಕ್ಕ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರಸ್ತೆ ಅಪಘಾತದಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಪ್ರವಾಸದಲ್ಲಿ ನಿಮಗೆ ಪೆಟ್ಟಾದರೆ ಅದು ಬಾಂಬಿಗಿಂತ ಬಾಡಿಗೆ ಸ್ಕೂಟರಿನಿಂದ ಆಗುವ ಸಾಧ್ಯತೆಯೇ ಜಾಸ್ತಿ. ಹಾಗಂತ ದಾಳಿಯ ವಿಷಯ ಮರೆತುಬಿಡಿ ಅಂತ ನಾನು ಹೇಳುವುದಿಲ್ಲ. ದಾಳಿ ಎಲ್ಲಿ, ಯಾವಾಗ ಆಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಆದ ಮೇಲಿನ ಮೊದಲ ಅರ್ಧ ನಿಮಿಷ ಮಾತ್ರ ಸ್ವಲ್ಪ ಮಟ್ಟಿಗೆ ನಿಮ್ಮ ಕೈಯಲ್ಲಿದೆ. ಮುಂದೆ ಬರುವ ಉತ್ತರಗಳಲ್ಲಿ ಜಾಸ್ತಿ ಮಾತು ಆ ಅರ್ಧ ನಿಮಿಷದ್ದೇ.

ಹೋದ ವಾರ ಅಲ್ಲಿ ಬಾಂಬ್ ಸಿಡೀತಂತೆ, ಟಿಕೆಟ್ ಕ್ಯಾನ್ಸಲ್ ಮಾಡ್ಬಿಡ್ಲಾ?

ಒಂದು ಘಟನೆ ನೋಡಿ ತೀರ್ಮಾನ ಮಾಡಬೇಡಿ. ಮೂರು ವಿಷಯ ಕೇಳಿಕೊಳ್ಳಿ. ಇದು ಮೊದಲನೇ ಸಲವೋ, ಕೆಲವು ತಿಂಗಳಿಂದ ನಡೆದುಕೊಂಡು ಬಂದಿದೆಯೋ? ಪ್ರವಾಸಿಗರ ಮೇಲೇ ಗುರಿ ಇತ್ತೋ, ಪೊಲೀಸ್ ಠಾಣೆ, ಸೇನಾ ನೆಲೆಯ ಮೇಲೋ? ನೀವು ಹೋಗುವ ಊರು ಅಲ್ಲಿಂದ ಎಷ್ಟು ದೂರ? ಎಷ್ಟೋ ದೇಶಗಳಲ್ಲಿ ಗಡಿಯ ಒಂದು ಜಿಲ್ಲೆ ಹೊತ್ತಿ ಉರಿಯುತ್ತಿದ್ದರೂ ರಾಜಧಾನಿಯಲ್ಲಿ ಜನ ತಮ್ಮ ಪಾಡಿಗೆ ಇರುತ್ತಾರೆ.

ದೊಡ್ಡ ದಾಳಿಯಾದ ಕೆಲವು ದಿನಗಳವರೆಗೆ ಮಾತ್ರ ಹುಷಾರು. ತಪ್ಪಿಸಿಕೊಂಡವರು ಇನ್ನೂ ಹೊರಗಿರಬಹುದು. ಮೆಟ್ರೋ, ಏರ್‌ಪೋರ್ಟ್ ಮುಚ್ಚಿರಬಹುದು. 2015ರ ನವೆಂಬರ್‌ನಲ್ಲಿ ಪ್ಯಾರಿಸ್ ದಾಳಿಯ ನಂತರ ಬ್ರಸೆಲ್ಸ್‌ನಲ್ಲಿ ಮೆಟ್ರೋ, ಶಾಲೆ ಎಲ್ಲ ದಿನಗಟ್ಟಲೆ ಬಂದ್ ಆಗಿದ್ದವು. ಪ್ರವಾಸಕ್ಕೆ ಹೋದವರು ಹೋಟೆಲ್ ರೂಮಿನಲ್ಲಿ ಕೂತು ಏನು ಮಾಡಬೇಕು ಹೇಳಿ? ಒಂದೆರಡು ವಾರ ಮುಂದಕ್ಕೆ ಹಾಕಲು ಆದರೆ ಹಾಕಿ.

ಲೆವೆಲ್ 2, ಲೆವೆಲ್ 3 ಅಂತೆಲ್ಲ ಹಾಕ್ತಾರಲ್ಲ, ಅದನ್ನ ಎಷ್ಟು ನಂಬ್ಬೋದು?

ಅಮೆರಿಕ ತನ್ನ ಪ್ರಜೆಗಳಿಗೆ ನಾಲ್ಕು ಹಂತದ ಸಲಹೆ ಕೊಡುತ್ತದೆ. 1 ಅಂದರೆ ಎಂದಿನ ಎಚ್ಚರಿಕೆ ಸಾಕು, 2 ಅಂದರೆ ಇನ್ನಷ್ಟು ಎಚ್ಚರ, 3 ಅಂದರೆ ಹೋಗಬೇಕಾ ಅಂತ ಮತ್ತೆ ಯೋಚಿಸಿ, 4 ಅಂದರೆ ಹೋಗಲೇಬೇಡಿ. ಆಸ್ಟ್ರೇಲಿಯಾದ್ದೂ ನಾಲ್ಕೇ ಹಂತ. ಬ್ರಿಟನ್ ನಂಬರ್ ಕೊಡುವುದಿಲ್ಲ. "ತೀರಾ ಅಗತ್ಯವಿದ್ದರೆ ಮಾತ್ರ ಹೋಗಿ", "ಹೋಗಲೇಬೇಡಿ" ಅಂತ ಪ್ರದೇಶವಾರು ನಕ್ಷೆಯಲ್ಲಿ ಬಣ್ಣ ಹಾಕಿ ತೋರಿಸುತ್ತದೆ. ನನಗೆ ಆ ನಕ್ಷೆಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ ಅನಿಸುತ್ತದೆ. ಇಡೀ ದೇಶಕ್ಕೆ ಒಂದು ನಂಬರ್ ಕೊಟ್ಟರೆ ಏನು ಗೊತ್ತಾಗುತ್ತದೆ?

ಒಂದೇ ದೇಶದ ಸಲಹೆ ನೋಡಬೇಡಿ. ಎರಡು ಮೂರು ದೇಶಗಳದ್ದು ಹೋಲಿಸಿ. ಎಲ್ಲರೂ ಒಂದೇ ಮಾತು ಹೇಳಿದರೆ ಅದು ನಿಜವಾದ ಎಚ್ಚರಿಕೆ. ಒಬ್ಬರು ಮಾತ್ರ ಹೇಳಿದರೆ ಒಳಗೆ ರಾಜಕೀಯ ಇರಬಹುದು, ಅಥವಾ ಅವರ ಪ್ರಜೆಗಳ ಮೇಲೆ ಮಾತ್ರ ಗುರಿ ಇರಬಹುದು. ನಂಬರಿಗಿಂತ ಕೆಳಗಿರುವ ವಿವರ ಮುಖ್ಯ. ಲೆವೆಲ್ 2 ಅನ್ನುವುದು ಜೇಬುಗಳ್ಳರಿಗೂ ಆಗಬಹುದು, ಬಾಂಬಿಗೂ ಆಗಬಹುದು.

ತನ್ನ ನೆಲದಲ್ಲೇ ದಾಳಿಯ ಅಪಾಯ ಎಷ್ಟಿದೆ ಅಂತ ಒಂದು ದೇಶ ಹೇಳುವ ಮಟ್ಟಗಳೇ ಬೇರೆ. ಬ್ರಿಟನ್‌ನಲ್ಲಿ ಐದು ಹಂತ ಇವೆ, ಫ್ರಾನ್ಸಿನಲ್ಲಿ ಉಗ್ರರ ದಾಳಿ ತಡೆಯಲು ಇರುವ ವಿಜಿಪಿರಾತ್ ಯೋಜನೆಯಲ್ಲಿ ಮೂರು. ಅವು ಏರಿದರೆ ಬೀದಿಯಲ್ಲಿ ಬಂದೂಕು ಹಿಡಿದ ಸೈನಿಕರು ಕಾಣುತ್ತಾರೆ, ಬ್ಯಾಗ್ ತಪಾಸಣೆ ಜಾಸ್ತಿಯಾಗುತ್ತದೆ. ನೀವು ಒಂದು ಗಂಟೆ ಮೊದಲೇ ಹೊರಡಬೇಕಾಗುತ್ತದೆ, ಅಷ್ಟೇ.

ಟ್ರಾವೆಲ್ ಇನ್ಶೂರೆನ್ಸ್ ಮಾಡ್ಸಿದೀನಿ, ಸಾಕಲ್ವಾ?

ಪಾಲಿಸಿ ತೆಗೆದು "ಏನು ಸಿಗುವುದಿಲ್ಲ" ಅನ್ನುವ ಪುಟವನ್ನು ಮೊದಲು ಓದಿ. ಕೆಲವು ಪಾಲಿಸಿಗಳಲ್ಲಿ ಉಗ್ರರ ದಾಳಿಯಿಂದಾದ ಆಸ್ಪತ್ರೆ ಖರ್ಚು ಸಿಗುತ್ತದೆ, ಪ್ರವಾಸ ರದ್ದಾದ ನಷ್ಟ ಸಿಗುವುದಿಲ್ಲ. ಕೆಲವದರಲ್ಲಿ ಎರಡೂ ಇಲ್ಲ. ಸರ್ಕಾರ ಹೋಗಬೇಡಿ ಅಂದ ಜಾಗಕ್ಕೆ ಹೋದರೆ ಇಡೀ ಪಾಲಿಸಿಯೇ ನಡೆಯದೆ ಹೋಗಬಹುದು. ದಾಳಿ ಆದ ಮೇಲೆ ಪಾಲಿಸಿ ತೆಗೆದುಕೊಂಡರೆ ಅದನ್ನು "ಮೊದಲೇ ಗೊತ್ತಿದ್ದ ಘಟನೆ" ಅಂತ ಹೊರಗಿಡುತ್ತಾರೆ. "ನನಗೆ ಹೋಗಲು ಭಯ" ಅನ್ನುವ ಕಾರಣಕ್ಕೆ ದುಡ್ಡು ವಾಪಸ್ ಸಿಗುವ ಪಾಲಿಸಿ ಬೇರೆಯೇ, ಬೆಲೆಯೂ ಜಾಸ್ತಿ.

ಗಾಯಾಳುವನ್ನು ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ಖರ್ಚು ಸೇರಿದೆಯೇ ನೋಡಿ. ಕೈಯಿಂದ ಕೊಡಲು ಹೋದರೆ ತಡೆದುಕೊಳ್ಳಲಾಗದ ಖರ್ಚು ಅದು.

ಮನೆಯವರ ಹತ್ರ ಏನು ಬಿಟ್ಟು ಹೋಗ್ಬೇಕು?

ಪಾಸ್‌ಪೋರ್ಟಿನ ಮೊದಲ ಪುಟ, ವೀಸಾ, ಪಾಲಿಸಿ ನಂಬರ್, ಹೋಟೆಲ್ ವಿಳಾಸ, ಯಾವ ದಿನ ಯಾವ ಊರು. ಇವನ್ನು ಒಬ್ಬರ ಕೈಗೆ ಕೊಡಿ, ಹತ್ತು ಜನಕ್ಕಲ್ಲ. ಏನಾದರೂ ಆದರೆ ನೀವು ಅವರೊಬ್ಬರಿಗೆ ಮಾತ್ರ ಸಂದೇಶ ಕಳಿಸುತ್ತೀರಿ, ಉಳಿದವರೆಲ್ಲ ಅವರನ್ನು ಕೇಳಬೇಕು. ಇದನ್ನು ಹೊರಡುವ ಮುಂಚೆಯೇ ಎಲ್ಲರಿಗೂ ಹೇಳಿಬಿಡಿ.

ನಿಮ್ಮ ದೇಶದ ರಾಯಭಾರ ಕಚೇರಿ ಪ್ರಯಾಣಿಕರ ನೋಂದಣಿ ಇಟ್ಟಿದ್ದರೆ ಹೆಸರು ಬರೆಸಿ. ಫೋನಿನ ಲಾಕ್ ಪರದೆಯಲ್ಲೇ ಕಾಣುವ ಹಾಗೆ ರಕ್ತದ ಗುಂಪು, ಅಲರ್ಜಿ, ತುರ್ತು ನಂಬರ್ ಹಾಕಿಡಿ. ಊರಿನ ನಕ್ಷೆ ಇಂಟರ್ನೆಟ್ ಇಲ್ಲದೆಯೂ ತೆರೆಯುವ ಹಾಗೆ ಡೌನ್‌ಲೋಡ್ ಮಾಡಿ.

## ಅಲ್ಲಿ ಇಳಿದ ಮೇಲೆ

ಏರ್‌ಪೋರ್ಟ್ ಎಲ್ಲಕ್ಕಿಂತ ಸೇಫ್ ಜಾಗ ಅಲ್ವಾ? ಅಷ್ಟೊಂದು ಪೊಲೀಸರು ಇರ್ತಾರೆ?

ಸೆಕ್ಯುರಿಟಿ ಚೆಕ್ ದಾಟಿದ ಮೇಲೆ ಹೌದು. ಅದಕ್ಕಿಂತ ಮುಂಚಿನ ಜಾಗ ಅಷ್ಟು ಸೇಫ್ ಅಲ್ಲ. 2016ರ ಮಾರ್ಚ್ 22ರಂದು ಬ್ರಸೆಲ್ಸ್ ವಿಮಾನ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದು ಚೆಕ್ ಇನ್ ಸಾಲುಗಳ ಹತ್ತಿರ, ಜನ ಸೂಟ್‌ಕೇಸ್ ಹಿಡಿದು ನಿಂತಿದ್ದ ಕಡೆ. ಅದೇ ವರ್ಷ ಜೂನ್‌ನಲ್ಲಿ ಇಸ್ತಾಂಬುಲ್‌ನ ಅತಾತುರ್ಕ್ ನಿಲ್ದಾಣದ ಮೇಲೆ ದಾಳಿಯಾದಾಗಲೂ ಟರ್ಮಿನಲ್ ಬಾಗಿಲು, ಪಾರ್ಕಿಂಗ್, ಆಗಮನದ ಹಾಲ್ ಗುರಿಯಾಗಿದ್ದವು.

ಆದ್ದರಿಂದ ಆನ್‌ಲೈನ್‌ನಲ್ಲೇ ಚೆಕ್ ಇನ್ ಮಾಡಿ. ಸಾಧ್ಯವಾದರೆ ಕೈಚೀಲದಲ್ಲೇ ಸಾಮಾನು ಮುಗಿಸಿ. ಬೀಳ್ಕೊಡುವ ಮಾತುಕತೆ ಮನೆಯಲ್ಲೇ ಮುಗಿಯಲಿ, ಹೊರಗಿನ ಹಾಲ್‌ನಲ್ಲಿ ಕಾಲ ಕಳೆಯಬೇಡಿ. ಕಾಫಿ ಕುಡಿಯುವುದಿದ್ದರೆ ಒಳಗೆ ಹೋಗಿ ಕುಡಿಯಿರಿ.

ಹೋಟೆಲ್‌ನಲ್ಲಿ ಎಷ್ಟನೇ ಮಹಡಿ ತಗೊಂಡ್ರೆ ಒಳ್ಳೇದು?

ಮೂರರಿಂದ ಆರರೊಳಗೆ ಕೇಳಿ. ನೆಲಮಹಡಿಗೆ ಹೊರಗಿಂದ ಯಾರು ಬೇಕಾದರೂ ನುಗ್ಗಬಹುದು, ಬಾಗಿಲ ಹತ್ತಿರ ವಾಹನ ಸ್ಫೋಟಿಸಿದರೆ ಮೊದಲ ಹೊಡೆತವೂ ಅಲ್ಲಿಗೇ. ತುಂಬ ಮೇಲಾದರೆ ಅಗ್ನಿಶಾಮಕದವರ ಏಣಿ ಮುಟ್ಟದೆ ಹೋಗಬಹುದು. ಬೆಂಕಿ ಯಾಕೆ ಬಂತು ಅಂತೀರಾ? 2008ರ ಸೆಪ್ಟೆಂಬರ್‌ನಲ್ಲಿ ಇಸ್ಲಾಮಾಬಾದ್‌ನ ಮ್ಯಾರಿಯಟ್ ಮುಂದೆ ಟ್ರಕ್ ಬಾಂಬ್ ಸಿಡಿದ ಮೇಲೆ ಕಟ್ಟಡವೇ ಹೊತ್ತಿಕೊಂಡಿತು. ಎರಡು ತಿಂಗಳಲ್ಲಿ ಮುಂಬೈನ ತಾಜ್ ಹೋಟೆಲಿನಲ್ಲಿ ಉಗ್ರರೇ ಬೆಂಕಿ ಹಚ್ಚಿದರು. ಗುಂಡಿನಷ್ಟೇ ಹೊಗೆಗೂ ಹೆದರಬೇಕು.

ರಸ್ತೆ ಕಡೆಗಿಂತ ಹಿಂಬದಿಯ ರೂಮ್ ವಾಸಿ. ನೋಟ ಚೆನ್ನಾಗಿರುವುದಿಲ್ಲ, ಪರವಾಗಿಲ್ಲ. ಬಾಗಿಲು, ಗೇಟು, ತಡೆಗೋಡೆ ರಸ್ತೆಯಿಂದ ಎಷ್ಟು ಒಳಗಿವೆ ನೋಡಿ.

ರೂಮಿಗೆ ಹೋದ ತಕ್ಷಣ ಬ್ಯಾಗ್ ಇಟ್ಟು ಮತ್ತೆ ಹೊರಗೆ ಬನ್ನಿ. ತುರ್ತು ಮೆಟ್ಟಿಲಿನವರೆಗೆ ನಡೆದು ಹೋಗಿ, ಮಧ್ಯೆ ಎಷ್ಟು ಬಾಗಿಲು ಅಂತ ಎಣಿಸಿ. ಹೊಗೆ ತುಂಬಿದಾಗ ಕಣ್ಣಿಗೆ ಏನೂ ಕಾಣುವುದಿಲ್ಲ, ನೀವು ಗೋಡೆ ತಡವಿಕೊಂಡು ಮೊಣಕಾಲಲ್ಲಿ ಹೋಗುತ್ತಿರುತ್ತೀರಿ, ಆಗ "ಎಡಕ್ಕೆ ಐದನೇ ಬಾಗಿಲು ಆದ ಮೇಲೆ" ಅನ್ನುವ ಒಂದೇ ಮಾತು ಉಪಯೋಗಕ್ಕೆ ಬರುವುದು. ಆ ಮೆಟ್ಟಿಲ ಬಾಗಿಲು ತಳ್ಳಿ ನೋಡಿ. ಬೀಗ ಹಾಕಿದ್ದರೆ ಅಥವಾ ಹಳೆ ಹಾಸಿಗೆ ಅಡ್ಡ ಇಟ್ಟಿದ್ದರೆ ಕೆಳಗೆ ಹೋಗಿ ಹೇಳಿ. ಮಲಗುವಾಗ ಶೂ, ರೂಮಿನ ಕೀ, ಫೋನು ಹಾಸಿಗೆ ಪಕ್ಕ ಒಂದೇ ಕಡೆ ಇರಲಿ. ಗಾಜು ಒಡೆದು ಬಿದ್ದ ಕಾರಿಡಾರಿನಲ್ಲಿ ಬರಿಗಾಲಲ್ಲಿ ಓಡಲು ಆಗುವುದಿಲ್ಲ.

ಹಾಗಾದ್ರೆ ಹಬ್ಬದ ಮಾರ್ಕೆಟ್, ಸಂಗೀತ ಕಾರ್ಯಕ್ರಮಕ್ಕೆಲ್ಲ ಹೋಗೋದೇ ಬೇಡ್ವಾ?

ಹೋಗಿ. ಇಷ್ಟು ದುಡ್ಡು ಖರ್ಚು ಮಾಡಿ ಹೋಗಿ ರೂಮಿನಲ್ಲಿ ಕೂರುವುದಕ್ಕೇನಾ?

ನಿಲ್ಲುವ ಜಾಗ ಮಾತ್ರ ಆರಿಸಿಕೊಳ್ಳಿ. 2016ರಲ್ಲಿ ನೀಸ್ ನಗರದ ಸಮುದ್ರ ತೀರದ ರಸ್ತೆಯಲ್ಲಿ ಪಟಾಕಿ ನೋಡಲು ಬಂದಿದ್ದವರ ಮೇಲೆ ಒಬ್ಬ ಟ್ರಕ್ ಹರಿಸಿ 86 ಜನರನ್ನು ಕೊಂದ. ಅದೇ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕ್ರಿಸ್‌ಮಸ್ ಮಾರುಕಟ್ಟೆಯಲ್ಲೂ ಹಾಗೇ ಆಯಿತು. ಆಮೇಲೆ ಯುರೋಪಿನ ಎಷ್ಟೋ ಊರುಗಳಲ್ಲಿ ಕಾಂಕ್ರೀಟ್ ದಿಮ್ಮಿ, ಕಬ್ಬಿಣದ ಕಂಬ ನೆಟ್ಟರು. ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಗೊಣಗುತ್ತಾರೆ. ನೀವು ಮಾತ್ರ ಆ ಕಂಬಗಳ ಒಳಗಡೆ ನಿಲ್ಲಿ. ಹೋಟೆಲಿನ ಹೊರಗೆ ಕುರ್ಚಿ ಹಾಕಿರುವ ಕಡೆ ಕೂರುವುದಾದರೆ ರಸ್ತೆಯಂಚಿಗಿಂತ ಒಳಗಿನ ಕುರ್ಚಿ ಹಿಡಿಯಿರಿ.

ಕಾರ್ಯಕ್ರಮದಲ್ಲಿ ಅಪಾಯ ಜಾಸ್ತಿ ಇರುವುದು ಒಳಗೆ ಹೋಗುವಾಗ ಮತ್ತು ಹೊರಗೆ ಬರುವಾಗ. 2017ರ ಮೇ 22ರಂದು ಮ್ಯಾಂಚೆಸ್ಟರ್ ಅರೀನಾದಲ್ಲಿ ಬಾಂಬ್ ಸಿಡಿದದ್ದು ಕಾರ್ಯಕ್ರಮ ಮುಗಿದು ಜನ ಹೊರಬರುತ್ತಿದ್ದಾಗ, ಮಕ್ಕಳನ್ನು ಕರೆದೊಯ್ಯಲು ಅಪ್ಪ ಅಮ್ಮಂದಿರು ಕಾಯುತ್ತಿದ್ದ ಹಾಲ್‌ನಲ್ಲಿ. 22 ಜನ ಸತ್ತರು. ಆ ನೂಕುನುಗ್ಗಲಿನ ಹೊತ್ತು ಬಿಟ್ಟು, ಸ್ವಲ್ಪ ಮೊದಲೋ ಸ್ವಲ್ಪ ತಡವಾಗಿಯೋ ಹೊರಗೆ ಬನ್ನಿ. ಬಂದ ಬಾಗಿಲಿಗೇ ಎಲ್ಲರೂ ವಾಪಸ್ ಓಡುತ್ತಾರೆ, ಅದು ಮನುಷ್ಯನ ಅಭ್ಯಾಸ. ಕೂತ ಕೂಡಲೇ ಇನ್ನೊಂದು ಬಾಗಿಲು ಎಲ್ಲಿದೆ ನೋಡಿಟ್ಟುಕೊಳ್ಳಿ. ಊಟದ ಹೋಟೆಲಾದರೆ ಅಡುಗೆಮನೆಗೆ ಸಾಮಾನ್ಯವಾಗಿ ಹಿಂದೊಂದು ಬಾಗಿಲು ಇರುತ್ತದೆ.

ಯಾರ ಮೇಲಾದ್ರೂ ಅನುಮಾನ ಬಂದ್ರೆ ಹೇಳ್ಬೇಕಾ? ಸುಳ್ಳಾದ್ರೆ ಮರ್ಯಾದೆ ಹೋಗುತ್ತಲ್ಲ?

ಹೇಳಿ. ಸುಳ್ಳಾದರೆ ಒಂದು ನಿಮಿಷದ ಮುಜುಗರ, ಅಷ್ಟೇ. ಆದರೆ ಏನನ್ನು ನೋಡಿ ಅನುಮಾನ ಪಡುತ್ತೀರಿ ಅನ್ನುವುದು ಮುಖ್ಯ. ಗಡ್ಡ, ಬಟ್ಟೆ, ಮೈಬಣ್ಣ ನೋಡಿ ಅಲ್ಲ. ಬೇರೆ ದೇಶದಲ್ಲಿ ನಿಮ್ಮ ಮೈಬಣ್ಣ ನೋಡಿಯೇ ನಾಲ್ಕು ಜನ ಅನುಮಾನ ಪಡಬಹುದು, ನೆನಪಿರಲಿ. ನಡವಳಿಕೆ ನೋಡಿ. ಬ್ಯಾಗ್ ಬಿಟ್ಟು ಬೇಗ ಬೇಗ ದೂರ ಹೋಗುವವರು, ಕ್ಯಾಮೆರಾ, ಕಾವಲುಗಾರರ ಪಾಳಿ, ಹಿಂಬಾಗಿಲುಗಳ ಫೋಟೋ ತೆಗೆಯುವವರು, ಸೆಕೆಯಲ್ಲೂ ದಪ್ಪ ಕೋಟು ಹಾಕಿ ಯಾರ ಜೊತೆಯೂ ಬೆರೆಯದೆ ಬಾಗಿಲಲ್ಲೇ ಸುಳಿದಾಡುವವರು.

ವಾರಸುದಾರರಿಲ್ಲದ ಬ್ಯಾಗ್ ಮುಟ್ಟಬೇಡಿ, ಒದೆಯಬೇಡಿ. ಅದರ ಪಕ್ಕ ನಿಂತು ಫೋನ್ ಮಾಡುವ ಬದಲು ದೂರ ಹೋಗಿ, ಆಮೇಲೆ ಮಾಡಿ.

## ದಾಳಿ ಶುರುವಾದಾಗ

ಪಟಾಕಿನೋ ಗುಂಡೋ ಹೇಗೆ ಗೊತ್ತಾಗುತ್ತೆ?

ಬಹಳ ಸಲ ಗೊತ್ತಾಗುವುದಿಲ್ಲ. 2015ರಲ್ಲಿ ಪ್ಯಾರಿಸ್‌ನ ಬತಾಕ್ಲಾಂ ಸಭಾಂಗಣದಲ್ಲಿ ಎಷ್ಟೋ ಜನ ಮೊದಲ ಸದ್ದನ್ನು ಪಟಾಕಿ ಅಂತಲೋ ಕಾರ್ಯಕ್ರಮದ ಭಾಗ ಅಂತಲೋ ತಿಳಿದರು. ತಪ್ಪು ಅವರದಲ್ಲ. ನಮ್ಮ ಮನಸ್ಸು ಮೊದಲು ಹಳೆಯ, ಸಾಧಾರಣ ಕಾರಣವನ್ನೇ ಹುಡುಕುತ್ತದೆ. ಸುತ್ತಲಿನವರು ಸುಮ್ಮನಿದ್ದರೆ ನಾವೂ ಸುಮ್ಮನಿರುತ್ತೇವೆ.

ಖಚಿತ ಮಾಡಿಕೊಳ್ಳಲು ಹೋಗಬೇಡಿ. ಸದ್ದು ಕೇಳಿದ ಮೇಲೆ ಜನ ಓಡುತ್ತಿದ್ದರೆ ನೀವೂ ಹೊರಡಿ. ಪಟಾಕಿ ಆಗಿದ್ದರೆ ಆಮೇಲೆ ನಗಬಹುದು.

ಒಂದು ಘಟನೆ ಹೇಳುತ್ತೇನೆ. 1998ರ ಆಗಸ್ಟ್ 7, ನೈರೋಬಿಯ ಅಮೆರಿಕ ರಾಯಭಾರ ಕಚೇರಿ. ಗೇಟಿನ ಹತ್ತಿರ ಮೊದಲು ಗ್ರೆನೇಡಿನ ಸಣ್ಣ ಸದ್ದಾಯಿತು. ಅಕ್ಕಪಕ್ಕದ ಕಟ್ಟಡಗಳಲ್ಲಿದ್ದವರು ಏನಾಯಿತು ನೋಡೋಣ ಅಂತ ಕೆಲಸ ಬಿಟ್ಟು ಕಿಟಕಿಗೆ ಬಂದರು. ಅಷ್ಟರಲ್ಲಿ ಟ್ರಕ್ಕಿನಲ್ಲಿದ್ದ ದೊಡ್ಡ ಬಾಂಬ್ ಸಿಡಿಯಿತು. ಗಾಜಿನ ಚೂರು ನೇರ ಮುಖಕ್ಕೆ ಹೊಡೆದು ಎಷ್ಟೋ ಜನ ಕಣ್ಣು ಕಳೆದುಕೊಂಡರು. 200ಕ್ಕೂ ಜಾಸ್ತಿ ಜನ ಸತ್ತ ಆ ದಾಳಿಯಲ್ಲಿ ಗಾಯಗೊಂಡವರು ಸಾವಿರಾರು. ಹೊರಗೆ ಸದ್ದಾದರೆ ಕಿಟಕಿಗೆ ಬೆನ್ನು ಹಾಕಿ ಒಳಗೆ ಹೋಗಿ. ಈ ಪುಟದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಓಡೋದಾ, ಬಚ್ಚಿಟ್ಕೊಳ್ಳೋದಾ, ಸತ್ತ ಹಾಗೆ ಬಿದ್ಕೊಳ್ಳೋದಾ?

ಬ್ರಿಟನ್ ಪೊಲೀಸರು ಹೇಳಿಕೊಡುವುದು ಓಡಿ, ಅಡಗಿ, ತಿಳಿಸಿ ಅಂತ. ಅಮೆರಿಕದಲ್ಲಿ ಓಡಿ, ಅಡಗಿ, ಹೋರಾಡಿ ಅನ್ನುತ್ತಾರೆ. ಎರಡರಲ್ಲೂ ಓಡುವುದೇ ಮೊದಲು.

ದಾರಿ ಇದ್ದರೆ ಓಡಿ. ಬ್ಯಾಗ್, ಲ್ಯಾಪ್‌ಟಾಪ್ ಬಿಟ್ಟುಬಿಡಿ. ಜೊತೆಯವರನ್ನು ಕರೆಯಿರಿ, ಬರಲ್ಲ ಅಂದರೆ ವಾದ ಮಾಡುತ್ತ ನಿಲ್ಲಬೇಡಿ. ಗುಂಡು ಹಾರಿಸುವವನ ಕಣ್ಣಿಗೆ ಬೀಳದ ಹಾಗೆ ಗೋಡೆ, ಮೂಲೆ, ಕಂಬ ಮರೆ ಮಾಡಿಕೊಂಡು ಹೋಗಿ. ಹೊರಗೆ ಬಂದ ಮೇಲೂ ನಿಲ್ಲಬೇಡಿ. ಬಾಗಿಲ ಮುಂದೆ ನಿಂತು ಫೋನ್ ಮಾಡುವವರನ್ನು ಪ್ರತಿ ದಾಳಿಯ ದೃಶ್ಯದಲ್ಲೂ ನೋಡಬಹುದು.

ಓಡಲು ಆಗದಿದ್ದರೆ ಅಡಗಿ. ಕಣ್ಣಿಗೆ ಮರೆಯಾಗುವುದೇ ಬೇರೆ, ಗುಂಡಿಗೆ ಮರೆಯಾಗುವುದೇ ಬೇರೆ. ಪರದೆ, ಸೋಫಾ, ಪ್ಲೈವುಡ್ ಗೋಡೆ, ಕಾರಿನ ಬಾಗಿಲು ಎಲ್ಲವನ್ನೂ ಗುಂಡು ತೂರಿಕೊಂಡು ಬರುತ್ತದೆ. ದಪ್ಪ ಇಟ್ಟಿಗೆ ಗೋಡೆ, ಕಾಂಕ್ರೀಟ್ ಕಂಬ, ಕಾರಿನ ಎಂಜಿನ್ ಇರುವ ಭಾಗ ಇವು ತಡೆಯಬಹುದು. ರೂಮಿಗೆ ಬೀಗ ಹಾಕಿ, ಲೈಟ್ ಆರಿಸಿ, ಬಾಗಿಲಿಗೆ ಮೇಜು, ಬೀರು ಏನಾದರೂ ಒತ್ತಿ ಇಡಿ. ಹೊರಗೆ ತೆರೆಯುವ ಬಾಗಿಲಾದರೆ ಬೆಲ್ಟಿನಿಂದ ಹಿಡಿಯನ್ನು ಗಟ್ಟಿಯಾದ ಯಾವುದಕ್ಕಾದರೂ ಬಿಗಿದು ಕಟ್ಟಿ. ಬಾಗಿಲಿಗೆ ನೇರವಾಗಿ ಕೂರಬೇಡಿ, ಪಕ್ಕದ ಗೋಡೆ ಕಡೆ ಕೂರಿ. ಫೋನ್ ಸೈಲೆಂಟ್ ಮಾಡಿದರೆ ಸಾಲದು, ವೈಬ್ರೇಶನ್ನೂ ತೆಗೆಯಿರಿ. ಮರದ ಮೇಜಿನ ಮೇಲೆ ಫೋನ್ ಗುರ್ ಅಂದರೆ ಪಕ್ಕದ ರೂಮಿಗೂ ಕೇಳುತ್ತದೆ.

ಎಷ್ಟು ಹೊತ್ತು ಅಡಗಬೇಕು? ಹೇಳಲು ಆಗುವುದಿಲ್ಲ. 2017ರ ಲಂಡನ್ ಬ್ರಿಜ್ ದಾಳಿಯಲ್ಲಿ ಮೊದಲ ಕರೆ ಬಂದ 8 ನಿಮಿಷದಲ್ಲಿ ಪೊಲೀಸರು ದಾಳಿಕೋರರನ್ನು ಹೊಡೆದುರುಳಿಸಿದರು. ಮುಂಬೈಯಲ್ಲಿ ನವೆಂಬರ್ 26ರ ರಾತ್ರಿ ಶುರುವಾದದ್ದು 29ರ ಬೆಳಿಗ್ಗೆ ಮುಗಿಯಿತು.

ಸತ್ತ ಹಾಗೆ ಬಿದ್ದುಕೊಂಡು ಬದುಕಿದವರು ಇದ್ದಾರೆ. ಬಿದ್ದವರ ಮೇಲೂ ಗುಂಡು ಹಾರಿಸಿದ ದಾಳಿಗಳೂ ಇವೆ. ಅದು ಬೇರೇನೂ ಉಳಿಯದಿದ್ದಾಗ ಮಾಡುವ ಕೆಲಸ. ಹೋರಾಡುವುದೂ ಹಾಗೇ. ಮೂಲೆಗೆ ಸಿಕ್ಕಿಬಿದ್ದಿದ್ದೀರಿ, ಅವನು ಒಳಗೆ ಬರುತ್ತಿದ್ದಾನೆ ಅಂದಾಗ ಮಾತ್ರ. ಆಗ ಎಲ್ಲರೂ ಒಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್, ಕುರ್ಚಿ, ಕೈಗೆ ಸಿಕ್ಕಿದ್ದು ಹಿಡಿದು, ಅರ್ಧಕ್ಕೆ ನಿಲ್ಲಿಸದೆ.

ಬಚ್ಚಿಟ್ಕೊಂಡಿದೀನಿ, ಮಾತಾಡಿದ್ರೆ ಕೇಳ್ಸುತ್ತೆ. ಪೊಲೀಸ್‌ಗೆ ಹೇಗೆ ತಿಳಿಸ್ಲಿ?

ಆ ದೇಶದ ತುರ್ತು ನಂಬರ್ ಮೊದಲ ದಿನವೇ ಫೋನಿನಲ್ಲಿ ಹಾಕಿಕೊಂಡಿರಬೇಕು. ಐರೋಪ್ಯ ಒಕ್ಕೂಟದ ಎಲ್ಲ ದೇಶಗಳಲ್ಲೂ 112. ಬ್ರಿಟನ್‌ನಲ್ಲಿ 999, ಅಮೆರಿಕದಲ್ಲಿ 911, ಆಸ್ಟ್ರೇಲಿಯಾದಲ್ಲಿ 000, ನ್ಯೂಜಿಲೆಂಡ್‌ನಲ್ಲಿ 111. ಬ್ರಿಟನ್‌ನಲ್ಲಿ ಮೊಬೈಲಿನಿಂದ 999 ಹೊಡೆದು ಮಾತಾಡಲು ಆಗದಿದ್ದರೆ, ಕೇಳಿದಾಗ 55 ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಅಮೆರಿಕದ ಎಷ್ಟೋ ಕಡೆ 911ಕ್ಕೆ ಮೆಸೇಜ್ ಕಳಿಸಬಹುದು.

ಯಾವುದೂ ಆಗದಿದ್ದರೆ ಹೊರಗಿರುವ ಯಾರಿಗಾದರೂ ಮೆಸೇಜ್ ಮಾಡಿ, ಅವರು ಕರೆ ಮಾಡಲಿ. ಎಲ್ಲಿದ್ದೀರಿ, ಎಷ್ಟನೇ ಮಹಡಿ, ಎಷ್ಟು ಜನ, ಯಾರಿಗೆ ಗಾಯ, ದಾಳಿಕೋರ ಎಷ್ಟು ಹೊತ್ತಿನ ಹಿಂದೆ ಎಲ್ಲಿ ಕಂಡ. ಇಷ್ಟು ಸಾಕು. ನಿಮ್ಮ ಫೋನಿಗೆ ಯಾರೂ ಕರೆ ಮಾಡದ ಹಾಗೆ ಹೇಳಿಸಿ.

ಬಾಂಬ್ ಸಿಡಿದ್ಮೇಲೆ ಎಲ್ಲರ ಜೊತೆ ಹೊರಗೆ ಹೋಗಿ ನಿಂತ್ಕೊಂಡ್ರೆ ಆಯ್ತಲ್ವಾ?

ಬೇಡ. 2002ರ ಅಕ್ಟೋಬರ್ 12ರ ರಾತ್ರಿ ಬಾಲಿಯ ಕೂಟಾದಲ್ಲಿ ಮೊದಲ ಬಾಂಬ್ ಒಂದು ಬಾರಿನ ಒಳಗೆ ಸಿಡಿಯಿತು. ಬದುಕಿದವರು ರಸ್ತೆಗೆ ಓಡಿಬಂದರು. ಕೆಲವೇ ಕ್ಷಣಗಳಲ್ಲಿ ಎದುರಿಗೆ ನಿಂತಿದ್ದ ವ್ಯಾನ್ ಸಿಡಿಯಿತು. 202 ಜನ ಸತ್ತರು. ಎರಡನೇ ಬಾಂಬ್ ಇಡುವುದೇ ಓಡಿಬಂದವರಿಗೆ, ಸಹಾಯಕ್ಕೆ ಬಂದವರಿಗೆ.

ಸ್ಫೋಟ ಆದ ಕ್ಷಣ ನೆಲಕ್ಕೆ ಬಿದ್ದು ತಲೆ ಮುಚ್ಚಿಕೊಳ್ಳಿ. ಮೇಲಿಂದ ಚೂರುಗಳು ಬೀಳುವುದು ನಿಂತ ಮೇಲೆ ಎದ್ದು ದೂರ ಹೋಗಿ. ನಿಂತಿರುವ ವಾಹನ, ಕಸದ ಡಬ್ಬಿ, ಗಾಜಿನ ಕಟ್ಟಡ ಇವುಗಳ ಪಕ್ಕ ನಿಲ್ಲಬೇಡಿ. ಮೊದಲೇ ಎಲ್ಲರೂ ಸೇರುವ ಜಾಗ ಅಂತ ಬೋರ್ಡ್ ಹಾಕಿದ್ದರೂ ಜನಜಂಗುಳಿ ಇದ್ದರೆ ಅಲ್ಲಿಂದಲೂ ಮುಂದೆ ಹೋಗಿ. ಲಿಫ್ಟ್ ಬೇಡ.

ಪುಟ್ಟ ಮಕ್ಕಳು, ವಯಸ್ಸಾದವ್ರು ಜೊತೆಗಿದ್ರೆ ಏನ್ಮಾಡೋದು?

ಮಗುವನ್ನು ಎತ್ತಿಕೊಳ್ಳಿ, ತಳ್ಳುಗಾಡಿ ಬಿಟ್ಟುಬಿಡಿ. ಯಾರು ಯಾವ ಮಗುವನ್ನು ಹಿಡಿಯಬೇಕು ಅಂತ ಮೊದಲೇ ಮಾತಾಡಿಕೊಂಡಿರಿ, ಇಲ್ಲದಿದ್ದರೆ ಇಬ್ಬರೂ ಒಬ್ಬನ ಹಿಂದೆ ಓಡುತ್ತಾರೆ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ಬೇಗ ನಡೆಯಲಾಗದ ಹಿರಿಯರು ಇದ್ದರೆ ಬಾಗಿಲಿಗೆ ಹತ್ತಿರದ ಸೀಟೇ ಕೇಳಿ. ಅವರಿಗೆ ಓಡುವುದಕ್ಕಿಂತ ಹತ್ತಿರದ ಬೀಗ ಹಾಕುವ ರೂಮೇ ಸರಿಹೋಗಬಹುದು. ಕಳೆದುಹೋದರೆ ಎಲ್ಲಿ ಸೇರಬೇಕು ಅನ್ನುವ ಜಾಗ ದೂರದಲ್ಲಿರಲಿ.

ಪೊಲೀಸ್ ಬಂದಾಗ ಓಡಿ ಹೋಗಿ ಅವ್ರನ್ನ ಹಿಡ್ಕೊಂಡ್ರೆ ತಪ್ಪಾ?

ತಪ್ಪು. ಅವರಿಗೆ ನೀವು ಯಾರು ಅಂತ ಗೊತ್ತಿಲ್ಲ. ಕೈಗಳನ್ನು ಮೇಲೆತ್ತಿ, ಬೆರಳು ಬಿಡಿಸಿ, ಫೋನ್ ಕೂಡ ಹಿಡಿಯಬೇಡಿ. ಜೇಬಿಗೆ ಕೈ ಹಾಕಬೇಡಿ. ಬಂದೂಕು ನಿಮ್ಮ ಕಡೆಗೇ ತಿರುಗಬಹುದು, ಕೈಗೆ ಬೇಡಿಯೂ ಬೀಳಬಹುದು, ಒರಟಾಗಿ ಮಾತಾಡಬಹುದು. ಹೇಳಿದ್ದನ್ನು ಮಾಡಿ. 2005ರ ಜುಲೈನಲ್ಲಿ ಲಂಡನ್ ಸ್ಫೋಟಗಳಾದ ಎರಡು ವಾರದ ಮೇಲೆ, ಬ್ರೆಜಿಲ್‌ನ ಒಬ್ಬ ಅಮಾಯಕ ಯುವಕನನ್ನು ಆತ್ಮಾಹುತಿ ಬಾಂಬರ್ ಅಂದುಕೊಂಡು ಪೊಲೀಸರು ಮೆಟ್ರೋ ರೈಲಿನಲ್ಲೇ ಗುಂಡಿಕ್ಕಿ ಕೊಂದರು. ಆ ಹೊತ್ತಲ್ಲಿ ಅವರ ಮೇಲೂ ಅಷ್ಟು ಒತ್ತಡ ಇರುತ್ತದೆ. ಗಾಯಾಳುಗಳನ್ನು ದಾಟಿಕೊಂಡು ಹೋದರೆ ಬೇಜಾರಾಗಬೇಡಿ, ಮೊದಲ ತಂಡದ ಕೆಲಸ ದಾಳಿಕೋರನನ್ನು ನಿಲ್ಲಿಸುವುದು.

## ಆಮೇಲಿನ ಗಂಟೆಗಳು

ಪಕ್ಕದವ್ರಿಗೆ ರಕ್ತ ಸೋರ್ತಾ ಇದ್ರೆ ನಾನೇನು ಡಾಕ್ಟರಾ?

ಡಾಕ್ಟರ್ ಬರುವವರೆಗೆ ನೀವೇ. ದೊಡ್ಡ ರಕ್ತನಾಳ ತುಂಡಾದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು, ಆಂಬುಲೆನ್ಸಿನವರನ್ನು ಜಾಗ ಸುರಕ್ಷಿತ ಆಗುವವರೆಗೆ ಒಳಗೆ ಬಿಡುವುದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಅಗ್ನಿಶಾಮಕದವರು ಸ್ಥಳಕ್ಕೆ ಬರಲು ಎರಡು ಗಂಟೆಗೂ ಜಾಸ್ತಿ ಹಿಡಿಯಿತು.

ಮೊದಲು ನಿಮ್ಮ ಜಾಗ ಸುರಕ್ಷಿತವೇ ನೋಡಿ. ಆಮೇಲೆ ಗಾಯದ ಮೇಲೆ ಬಟ್ಟೆ ಇಟ್ಟು ಎರಡೂ ಕೈಯಿಂದ, ಮೈಭಾರ ಹಾಕಿ ಒತ್ತಿ. ಮಧ್ಯೆ ಮಧ್ಯೆ ಎತ್ತಿ ನೋಡಬೇಡಿ. ಆಳದ ಗಾಯವಾದರೆ ಬಟ್ಟೆಯನ್ನು ಗಾಯದೊಳಗೇ ತುರುಕಿ ಒತ್ತಿ. ಕೈಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ ಗಾಯದಿಂದ ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆ ಕಟ್ಟಿ, ಗಂಟಿನಲ್ಲಿ ಗಟ್ಟಿ ಕೋಲೊಂದನ್ನು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಿ. ಕೀಲಿನ ಮೇಲೆ ಕಟ್ಟಬೇಡಿ. ಅವರು ನೋವಿಗೆ ಕಿರುಚುತ್ತಾರೆ, ಸಡಿಲ ಮಾಡಬೇಡಿ. ಕಟ್ಟಿದ ಸಮಯ ಬರೆದಿಡಿ, ಹಣೆಯ ಮೇಲಾದರೂ ಸರಿ. ಗಾಯದಲ್ಲಿ ಗಾಜು, ಕಬ್ಬಿಣ ಸಿಕ್ಕಿಕೊಂಡಿದ್ದರೆ ಕೀಳಬೇಡಿ, ಸುತ್ತ ಒತ್ತಿ.

ನಿಮಗೇ ಏನೂ ಆಗಿಲ್ಲ ಅನಿಸಿದರೂ ಬಾಂಬಿಗೆ ಹತ್ತಿರವಿದ್ದರೆ ಆಸ್ಪತ್ರೆಗೆ ಹೋಗಿ. ಸ್ಫೋಟದ ಒತ್ತಡಕ್ಕೆ ಕಿವಿತಮಟೆ ಹರಿದಿರಬಹುದು. ಶ್ವಾಸಕೋಶದ ಪೆಟ್ಟು ಕೆಲವು ಗಂಟೆ ಬಿಟ್ಟು ಕಾಣಿಸಬಹುದು. ಇಂಥ ಪ್ರಥಮ ಚಿಕಿತ್ಸೆಯನ್ನು ಅರ್ಧ ದಿನದಲ್ಲಿ ಕಲಿಸುವ ತರಗತಿಗಳಿವೆ. ಒಮ್ಮೆ ಹೋಗಿಬನ್ನಿ, ರಸ್ತೆ ಅಪಘಾತಕ್ಕೂ ಆಗುತ್ತದೆ.

ಫೋನ್ ಹೋಗ್ತಾನೇ ಇಲ್ಲ, ಮನೆಯವ್ರಿಗೆ ಹೇಗೆ ಹೇಳ್ಲಿ?

ಲಕ್ಷಾಂತರ ಜನ ಒಟ್ಟಿಗೆ ಕರೆ ಮಾಡಿದರೆ ನೆಟ್‌ವರ್ಕ್ ತಡೆಯುವುದಿಲ್ಲ. ಎಸ್‌ಎಂಎಸ್ ಕಳಿಸಿ, ಅದಕ್ಕೆ ತುಂಬ ಕಡಿಮೆ ಜಾಗ ಸಾಕು, ತಡವಾಗಿಯಾದರೂ ತಲುಪುತ್ತದೆ. ವೈಫೈ ಸಿಕ್ಕರೆ ಅದರಿಂದ ಮೆಸೇಜ್ ಮಾಡಿ. "ನಾನು ಕ್ಷೇಮ, ಇಂಥ ಕಡೆ ಇದ್ದೇನೆ, ಮತ್ತೆ ಇಷ್ಟು ಹೊತ್ತಿಗೆ ಮೆಸೇಜ್ ಮಾಡುತ್ತೇನೆ." ಇಷ್ಟೇ. ಮುಂದಿನ ಹೊತ್ತು ಹೇಳಿದರೆ ಅಲ್ಲಿಯವರೆಗೆ ಅವರು ಸ್ವಲ್ಪ ಸಮಾಧಾನದಲ್ಲಿರುತ್ತಾರೆ.

ಕಣ್ಣಾರೆ ಕಂಡದ್ದನ್ನ ವಿಡಿಯೋ ಮಾಡಿ ಹಾಕಿದ್ರೆ ಜನಕ್ಕೆ ಉಪಯೋಗ ಅಲ್ವಾ?

ಪೊಲೀಸರಿಗೆ ಕೊಡಿ, ಜಗತ್ತಿಗೆ ಬೇಡ. ಮುಂಬೈ ದಾಳಿಯಲ್ಲಿ ಕಮಾಂಡೋಗಳ ಚಲನವಲನ ಟಿವಿಯಲ್ಲಿ ನೇರ ಪ್ರಸಾರವಾಗುತ್ತಿತ್ತು, ಗಡಿಯಾಚೆ ಕೂತವರು ಅದನ್ನು ನೋಡಿ ಫೋನಿನಲ್ಲಿ ಉಗ್ರರಿಗೆ ಹೇಳುತ್ತಿದ್ದರು. 2012ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಬ್ರಸೆಲ್ಸ್‌ನಲ್ಲಿ 2015ರಲ್ಲಿ ಕಾರ್ಯಾಚರಣೆಯ ವಿವರ ಹಾಕಬೇಡಿ ಅಂತ ಪೊಲೀಸರು ಕೇಳಿಕೊಂಡಾಗ ಜನ ಬರೀ ಬೆಕ್ಕಿನ ಫೋಟೋ ಹಾಕಿ ತುಂಬಿಸಿಬಿಟ್ಟರು. ನನಗೆ ಬಹಳ ಇಷ್ಟವಾದ ಸಂಗತಿ ಅದು.

ಕೆಲವು ದೇಶಗಳಲ್ಲಿ ಇದು ಅಪರಾಧವೂ ಹೌದು. 2019ರ ಕ್ರೈಸ್ಟ್‌ಚರ್ಚ್ ದಾಳಿಯ ವಿಡಿಯೋ ಹಂಚಿದವರಿಗೆ ನ್ಯೂಜಿಲೆಂಡ್‌ನಲ್ಲಿ ಶಿಕ್ಷೆಯಾಗಿದೆ. "ಇವನೇ ದಾಳಿಕೋರ" ಅಂತ ಯಾರದೋ ಫೋಟೋ ಬಂದರೆ ಮುಂದೆ ಕಳಿಸಬೇಡಿ. 2013ರ ಬಾಸ್ಟನ್ ಸ್ಫೋಟದ ನಂತರ ಆನ್‌ಲೈನ್‌ನಲ್ಲಿ ಜನ ಪತ್ತೇದಾರಿ ಮಾಡಿ, ಸಂಬಂಧವೇ ಇಲ್ಲದವರ ಮೇಲೆ ಹೊರಿಸಿದ್ದರು.

ಎಂಬೆಸಿಗೆ ಹೋದ್ರೆ ವಿಮಾನ ಹತ್ತಿಸಿ ಕಳಿಸ್ತಾರಾ?

ಸಾಮಾನ್ಯವಾಗಿ ಇಲ್ಲ. ಪಾಸ್‌ಪೋರ್ಟ್ ಕಳೆದಿದ್ದರೆ ತುರ್ತು ಪ್ರಯಾಣ ಪತ್ರ ಕೊಡುತ್ತಾರೆ. ಆಸ್ಪತ್ರೆಗಳಲ್ಲಿ ವಿಚಾರಿಸುತ್ತಾರೆ, ಮನೆಯವರಿಗೆ ತಿಳಿಸುತ್ತಾರೆ, ಭಾಷೆ ಬಲ್ಲ ವಕೀಲರ ಪಟ್ಟಿ ಕೊಡುತ್ತಾರೆ. ಪೊಲೀಸರು ನಿಮ್ಮನ್ನು ಹಿಡಿದಿಟ್ಟರೆ ನಿಮ್ಮ ರಾಯಭಾರ ಕಚೇರಿಗೆ ತಿಳಿಸಿ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದಲ್ಲಿದೆ. ಆಸ್ಪತ್ರೆ ಬಿಲ್ ಮಾತ್ರ ಕಟ್ಟುವುದಿಲ್ಲ.

ಪರಿಹಾರದ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಫ್ರಾನ್ಸಿನಲ್ಲಿ ಭಯೋತ್ಪಾದನೆಗೆ ತುತ್ತಾದವರಿಗೆ 1986ರಿಂದ ಒಂದು ನಿಧಿ ಇದೆ. ಫ್ರಾನ್ಸಿನ ನೆಲದಲ್ಲಿ ದಾಳಿಯಾದರೆ ವಿದೇಶಿಯರಿಗೂ ಸಿಗುತ್ತದೆ. ಬೇರೆ ದೇಶಗಳಲ್ಲೂ ಇಂಥ ವ್ಯವಸ್ಥೆ ಇದೆಯೇ ಕೇಳಿ. ಪೊಲೀಸ್ ದೂರು, ಆಸ್ಪತ್ರೆಯ ದಾಖಲೆ, ಟಿಕೆಟ್ ಯಾವುದನ್ನೂ ಬಿಸಾಡಬೇಡಿ.

## ಅಪರೂಪದ, ಕಷ್ಟದ ಪ್ರಶ್ನೆಗಳು

ಒತ್ತೆಯಾಳು ಮಾಡ್ಕೊಂಡ್ರೆ?

ಮೊದಲ ಕೆಲವು ನಿಮಿಷ ಮತ್ತು ಬಿಡಿಸಲು ಬಂದ ಕ್ಷಣ, ಇವೆರಡೂ ತುಂಬ ಅಪಾಯದ ಹೊತ್ತು. ಶುರುವಿನಲ್ಲಿ ಅವರೂ 
ಗಾಬರಿಯಲ್ಲಿರುತ್ತಾರೆ. ಎದುರು ಮಾತಾಡಬೇಡಿ, ಕಣ್ಣಿಟ್ಟು ನೋಡಬೇಡಿ, ಥಟ್ಟನೆ ಅಲುಗಾಡಬೇಡಿ. ದಿನ ಕಳೆದ ಮೇಲೆ ಮನೆ, ಮಕ್ಕಳ ಮಾತು ಆಡಿ, ಧರ್ಮ, ರಾಜಕೀಯ ಬೇಡ. ಕೊಟ್ಟದ್ದನ್ನು ತಿನ್ನಿ, ನಿದ್ದೆ ಮಾಡಿ. ನೀರು, ಔಷಧಿ ಬೇಕಾದರೆ ಕೇಳಿ. ಕಮಾಂಡೋಗಳು ಬಂದರೆ ನೆಲಕ್ಕೆ ಅಂಟಿಕೊಂಡು ಮಲಗಿ, ಕೈಗಳು ಕಾಣುವ ಹಾಗೆ ಇರಲಿ, ಏಳಿ ಅನ್ನುವವರೆಗೆ ಏಳಬೇಡಿ. ಅಪಹರಣದ ವಿಮೆ ಇದ್ದರೆ ಅದನ್ನು ಯಾರಿಗೂ ಹೇಳಬೇಡಿ.

ವಿಷಾನಿಲ ಬಿಟ್ರೆ ಮಾಸ್ಕ್ ಸಾಕಾ?

ಬಟ್ಟೆ ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೋದಲ್ಲಿ ಸರಿನ್ ಅನ್ನುವ ವಿಷ ಬಿಟ್ಟಾಗ ಗಾಯಾಳುಗಳ ಬಟ್ಟೆಯಿಂದ ಆಸ್ಪತ್ರೆಯ ಸಿಬ್ಬಂದಿಗೂ ತೊಂದರೆಯಾಯಿತು. ಬಟ್ಟೆಯೇ ದೊಡ್ಡ ಸಮಸ್ಯೆ ಅನ್ನುವುದು ಆಗ ಗೊತ್ತಾಯಿತು.

ಹಲವು ಜನ ಒಟ್ಟಿಗೆ ಕೆಮ್ಮುತ್ತಿದ್ದರೆ, ಕಣ್ಣು ಉರಿಯುತ್ತಿದ್ದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿಯೋ ಅಡ್ಡವಾಗಿಯೋ ದೂರ ಹೋಗಿ. ಮೇಲಿನ ಬಟ್ಟೆ ಕಳಚಿ, ಆದಷ್ಟು ತಲೆಯ ಮೇಲಿಂದ ಎಳೆಯಬೇಡಿ, ಬೇಕಾದರೆ ಕತ್ತರಿಸಿ. ಮೈಮೇಲೆ ಬಿದ್ದದ್ದನ್ನು ಒಣ ಕಾಗದದಿಂದ ಒತ್ತಿ ತೆಗೆಯಿರಿ. ಚರ್ಮ ಉರಿಯುತ್ತಿದ್ದರೆ ನೀರು ಸುರಿದು ತೊಳೆಯಿರಿ. ತಿನ್ನಬೇಡಿ, ಕುಡಿಯಬೇಡಿ, ಮುಖ ಮುಟ್ಟಬೇಡಿ.

ಕಂಪನಿ ಎರಡು ವರ್ಷಕ್ಕೆ ಅಂಥ ಊರಿಗೇ ಕಳಿಸ್ತಿದೆ. ಬೇರೆ ಏನಾದ್ರೂ ನೋಡ್ಕೋಬೇಕಾ?

ಎರಡು ದಿನದ ಪ್ರವಾಸಿಗನನ್ನು ಯಾರೂ ಹಿಂಬಾಲಿಸಿ ಲೆಕ್ಕ ಹಾಕುವುದಿಲ್ಲ. ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ, ಅದೇ ಕಾರಿನಲ್ಲಿ ಹೋಗುವವನನ್ನು ಹಾಗೆ ಹಿಂಬಾಲಿಸಿ ಲೆಕ್ಕ ಹಾಕುತ್ತಾರೆ. ಹೊತ್ತು ಬದಲಿಸಿ, ದಾರಿ ಬದಲಿಸಿ. ಮನೆಯ ಗೇಟ್ ಮತ್ತು ಆಫೀಸಿನ ಗೇಟ್ ಮಾತ್ರ ಬದಲಿಸಲು ಆಗುವುದಿಲ್ಲ, ಆದ್ದರಿಂದ ಅಲ್ಲಿನ ಕೊನೆಯ ನೂರು ಮೀಟರಿನಲ್ಲಿ ಫೋನ್ ಜೇಬಿನಲ್ಲಿರಲಿ, ಕಣ್ಣು ಹೊರಗಿರಲಿ. ಒಂದೇ ವಾಹನ, ಒಂದೇ ಮುಖ ಬೇರೆ ಬೇರೆ ಕಡೆ ಮತ್ತೆ ಮತ್ತೆ ಕಂಡರೆ ಬರೆದಿಟ್ಟುಕೊಂಡು ಕಂಪನಿಯ ಭದ್ರತೆಯವರಿಗೆ ಹೇಳಿ.

ಹೊರಡುವ ಮುಂಚೆ ಬರವಣಿಗೆಯಲ್ಲಿ ಕೇಳಿ: ಪರಿಸ್ಥಿತಿ ಕೆಟ್ಟರೆ ಯಾರು, ಯಾವ ದಾರಿಯಲ್ಲಿ ಹೊರಗೆ ಕರೆತರುತ್ತಾರೆ, ವಿಮಾನ ನಿಲ್ದಾಣ ಮುಚ್ಚಿದ್ದರೆ ಏನು, ಹೆಂಡತಿ ಮಕ್ಕಳೂ ಅದರಲ್ಲಿ ಸೇರಿದ್ದಾರಾ? "ನೋಡೋಣ" ಅಂದರೆ ಯೋಜನೆ ಇಲ್ಲ ಅಂತಲೇ ಅರ್ಥ.

ವಾಪಸ್ ಬಂದು ತಿಂಗಳಾಯ್ತು, ಇನ್ನೂ ಜೋರಾಗಿ ಬಾಗಿಲು ಬಡಿದ್ರೆ ಎದೆ ಝಲ್ ಅನ್ನುತ್ತೆ. ನಂಗೇನಾದ್ರೂ ಆಗಿದ್ಯಾ?

ಮೊದಲ ಕೆಲವು ವಾರ ನಿದ್ದೆ ಬರದಿರುವುದು, ಸಿಟ್ಟು, ಸದ್ದಿಗೆ ಬೆಚ್ಚಿಬೀಳುವುದು ಇವೆಲ್ಲ ಸಹಜ. ಬಹಳ ಜನಕ್ಕೆ ತಾನಾಗೇ ಕಡಿಮೆಯಾಗುತ್ತದೆ. ಆ ದಿನದ ವಿಡಿಯೋಗಳನ್ನು ಮತ್ತೆ ಮತ್ತೆ ನೋಡಬೇಡಿ. ಮಾತಾಡಬೇಕು ಅನಿಸಿದರೆ ಮಾತಾಡಿ, ಬೇಡ ಅನಿಸಿದಾಗ ಯಾರೂ ಒತ್ತಾಯ ಮಾಡಿ ಬಾಯಿ ಬಿಡಿಸುವುದು ಬೇಡ. ಕುಡಿತದಿಂದ ನಿದ್ದೆ ತರಿಸಿಕೊಳ್ಳಲು ಹೋಗಬೇಡಿ.

ತಿಂಗಳು ದಾಟಿಯೂ ಕಡಿಮೆಯಾಗದಿದ್ದರೆ, ಅಥವಾ ಬಸ್ಸು, ರೈಲು, ಜನ ಸೇರುವ ಕಡೆಗೆ ಹೋಗುವುದನ್ನೇ ಬಿಟ್ಟಿದ್ದರೆ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಇದಕ್ಕೆ ಕೆಲಸ ಮಾಡುವ ಚಿಕಿತ್ಸೆಗಳಿವೆ. ಕಂಪನಿ ಕೆಲಸಕ್ಕೆ ಹೋದಾಗ ಆದದ್ದಾದರೆ ಆ ಖರ್ಚು ಯಾರದು ಅಂತ ಒಪ್ಪಂದ ತೆಗೆದು ನೋಡಿ. ಪ್ರವಾಸಕ್ಕೆ ಹೋಗಿದ್ದರೆ ವಿಮೆಯವರನ್ನು ಕೇಳಿ, ಕ್ಲೇಮಿಗೆ ಕೊನೆಯ ದಿನ ಅಂತ ಒಂದಿರುತ್ತದೆ.